ಅಪ್ಪ ರೊಟ್ಟಿ ಬಡಿದ ದಿನ

ನಮ್ಮ ಊರಿನ ದಂತ ಕಾಲೇಜಿಗೆ ಹೊರಗಿನಿಂದ ಹೊಸ ಮಾಸ್ತರರು ಬಂದರೆ ಮೊದಲ ದಿನ ಅರ್ಧ ಪಾಠಕ್ಕೇ ಎದ್ದು ಹೊರಗೆ ಬರುವುದು ವಾಡಿಕೆ. ಬೋರ್ಡಿನ ಮೇಲೆ ಏನೋ ಬರೆದು ಇತ್ತ ತಿರುಗಿದರೆ ಮುಂದಿನ ಬೆಂಚಿನ ಹುಡುಗ ಗಾಳಿಯಲ್ಲಿ ಯಾರದೋ ಗಡ್ಡ ಹೆರೆಯುತ್ತಿರುತ್ತಾನೆ. ಅವನ ಮಗ್ಗುಲಿನವನು ಇಲ್ಲದ ತಕ್ಕಡಿಯನ್ನು ಎತ್ತಿ ಹಿಡಿದು ಮುಳ್ಳು ನಿಲ್ಲುವುದನ್ನು ಕಾಯುತ್ತಿರುತ್ತಾನೆ. ಕಿಟಕಿಯ ಕಡೆಯ ಹುಡುಗಿ ಇಲ್ಲದ ಅಂಗಿಗೆ ಇಲ್ಲದ ಗುಂಡಿ ಹಚ್ಚುತ್ತಿರುತ್ತಾಳೆ. ಯಾರೂ ನಗುವುದಿಲ್ಲ, ಎಲ್ಲರ ಕಣ್ಣೂ ಬೋರ್ಡಿನ ಮೇಲೆಯೇ. ಮಾಸ್ತರರು ಬೆವರು ಒರೆಸಿಕೊಳ್ಳುತ್ತ ವರಾಂಡಕ್ಕೆ ಬಂದಾಗ ಜವಾನ ಸಿದ್ಲಿಂಗ ಒಂದು ಕಪ್ ಚಹಾ ಕೊಟ್ಟು ಹೇಳುತ್ತಾನೆ: "ಗಾಬರಿ ಆಗಬ್ಯಾಡ್ರಿ ಸರ. ಅವು ಅವರ ಕೈ ಅಲ್ಲ, ಅವರ ಮನ್ಯಾಗ ದುಡಿಯೋರ ಕೈ. ದುಡಿಯೋರು ಕುಂತ್ರ ಇವೂ ಕುಂದರ್ತಾವ."

ಒಂದು ವಾರದೊಳಗೆ ಮಾಸ್ತರರಿಗೂ ರೂಢಿಯಾಗುತ್ತದೆ. ಯಾರ ಅಪ್ಪ ಚಹಾಕ್ಕೆ ಎದ್ದಿರುತ್ತಾನೋ ಅವರು ನೋಟ್ಸು ಬರೆದುಕೊಳ್ಳುತ್ತಾರೆ, ಉಳಿದವರು ಆಮೇಲೆ ನೋಡಿ ಬರೆಯುತ್ತಾರೆ. ಪರೀಕ್ಷೆಗಳನ್ನಂತೂ ಯಾವಾಗಲೂ ಸೋಮವಾರವೇ ಇಡುತ್ತಾರೆ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅಂಗಡಿ ಬಾಗಿಲು ತೆಗೆಯುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಇಡೀ ಊರು ಕೈಕಟ್ಟಿ ಕೂತಿರುವಾಗ ಊರಿನ ಮಕ್ಕಳು ಕೈ ಬಿಚ್ಚಿ ಪರೀಕ್ಷೆ ಬರೆಯುತ್ತಾರೆ.

ನನ್ನ ಕೈಗಳು ರೊಟ್ಟಿ ಬಡಿಯುತ್ತಿದ್ದವು. ಬಸ್‌ಸ್ಟ್ಯಾಂಡಿನ ಎದುರಿಗಿನ ಖಾನಾವಳಿ ನಮ್ಮದು. ಒಳಗೆ ಒಲೆಯ ಮುಂದೆ ಕೂರುವವಳು ನಮ್ಮ ಅವ್ವ ಬಾಳವ್ವ, ಹೊರಗೆ ಗಲ್ಲಾದ ಮೇಲೆ ಕೂರುವವನು ನಮ್ಮ ಅಪ್ಪ ಮಲ್ಕಾಜಪ್ಪ. ಖಾನಾವಳಿಯ ಬೋರ್ಡಿನ ಮೇಲೆ ಇರುವುದು ಅಪ್ಪನ ಹೆಸರೇ. ಆದರೆ ನಮ್ಮ ಊರಿನಲ್ಲಿ ಬೋರ್ಡು ನೋಡಿ ಯಾರೂ ಮೋಸ ಹೋಗುವುದಿಲ್ಲ, ಕೈ ನೋಡುತ್ತಾರೆ. ಅವ್ವ ಒಳಗೆ ಹಿಟ್ಟಿನ ಮುದ್ದೆಗೆ ಕೈ ಹಾಕಿದಳೆಂದರೆ ಹೊರಗೆ ಅಪ್ಪನ ಬಲಗೈ ಗಲ್ಲಾಪೆಟ್ಟಿಗೆಯನ್ನು ಪಟಪಟ ಬಡಿಯುತ್ತಿತ್ತು, ಎಡಗೈ ಇಲ್ಲದ ರೊಟ್ಟಿಯನ್ನು ತಿರುಗಿಸುತ್ತಿತ್ತು. ಗಿರಾಕಿಗೆ ಚಿಲ್ಲರೆ ಕೊಡಬೇಕೆಂದರೆ ಅವ್ವ ಒಲೆಗೆ ಕಟ್ಟಿಗೆ ದೂಡುವ ತನಕ ಕಾಯಬೇಕು. "ಏನ್ ಮಲ್ಕಾಜಪ್ಪಾ, ಪೆಟ್ಟಿಗಿ ಮ್ಯಾಲಿನ ರೊಟ್ಟಿ ಬೆಂದಾವೇನು?" ಎಂದು ಯಾರಾದರೂ ಕೆಣಕಿದರೆ ಅಪ್ಪ ಮೀಸೆಯೊಳಗೇ ನಗುತ್ತಿದ್ದ. "ನನ್ನ ಹೆಂಡ್ತಿ ಕೈ ಅದು. ಬ್ಯಾರೆಯವರ ಹೆಂಡ್ತಿ ಕೈ ಆಗಿದ್ರ ನಾಚಕೋಬೇಕಿತ್ತು."

ಅಪ್ಪನಿಗೆ ನಾಚಿಕೆಯಿರಲಿಲ್ಲ, ನನಗಿತ್ತು. ಅಪ್ಪನದು ಹೇಗಿದ್ದರೂ ಮುಗಿದ ಕಥೆ. ನನ್ನದು ಇನ್ನೂ ಶುರುವೇ ಆಗಿರಲಿಲ್ಲ. ವಯಸ್ಸು ಇಪ್ಪತ್ತೇಳು ದಾಟಿತ್ತು. ಸೀಟು ಸಿಗಲು ಮೂರು ಸಲ ಪರೀಕ್ಷೆ ಕಟ್ಟಿದ್ದೆ, ಸಿಕ್ಕ ಮೇಲೆ ಕೊನೆಯ ವರ್ಷದ ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ಈ ಸಲ ಹೋದರೆ ಸೀಟೇ ಹೋಗುತ್ತಿತ್ತು. ನನ್ನ ವಾರಿಗೆಯ ಹುಡುಗಿಯರಲ್ಲಿ ಒಬ್ಬಳು ಬ್ಯಾಂಕಿನಲ್ಲಿದ್ದಳು, ಒಬ್ಬಳು ಸೀರೆ ಅಂಗಡಿ ಇಟ್ಟಿದ್ದಳು, ಎಲ್ಲರ ಕೈಗಳೂ ಅವರವರ ಮಾತು ಕೇಳುತ್ತಿದ್ದವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ನಾನು ಉಪ್ಪಿಟ್ಟಿನ ತಾಟು ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಬಸ್ಸು ಬಂದು, ಗಿರಾಕಿಗಳು ನುಗ್ಗಿ, ಅವ್ವ ಒಲೆಯ ಮುಂದೆ ಕೂತು, ಉಪ್ಪಿಟ್ಟು ಗಂಡಿನ ಸೋದರಮಾವನ ಮಡಿಲಿಗೆ ಬಿದ್ದದ್ದೂ ಉಂಟು. ಅವರು ಮತ್ತೆ ಬರಲಿಲ್ಲ. ಅದಕ್ಕೆ ನಾನೇನೂ ಅಳಲಿಲ್ಲ.

ಆದರೆ ರಾಚಪ್ಪ ಮಾಸ್ತರರ ಮಾತು ಮಾತ್ರ ಚುಚ್ಚುತ್ತಿತ್ತು. ರಿಟೈರಾದ ಪ್ರೈಮರಿ ಶಾಲೆ ಮಾಸ್ತರರು, ದಿನಾ ಮಧ್ಯಾಹ್ನ ನಮ್ಮಲ್ಲೇ ಊಟ. ತಾಟಿನ ಮುಂದೆ ಕೂತರೆಂದರೆ ಅದೇ ಪ್ರಶ್ನೆ. "ಇನ್ನೂ ಓದಾಕತ್ತೀಯೇನವಾ ನೀಲವ್ವಾ?"

"ಹೌದ್ರಿ ಮಾಸ್ತರ."

"ಹಲ್ಲಿನಾಗ ಓದೋದು ಅಷ್ಟ ಏನೈತಿ? ಇರೋವ ಮೂವತ್ತೆರಡು. ನನ್ನ ಬಾಯಾಗಂತೂ ಅಷ್ಟೂ ಇಲ್ಲ. ನಾ ಒಂದನೇ ಕ್ಲಾಸಿನ್ಯಾಗ ನೂರರ ತನಕ ಕಲಸ್ತಿದ್ನಿ."

ಖಾನಾವಳಿ ತುಂಬ ನಗು. ನಾನೂ ನಗುತ್ತಿದ್ದೆ. ನಗುತ್ತಿರುವಾಗಲೂ ನನ್ನ ಬಲಗೈ ಮೇಜಿನ ಮೇಲೆ ಪಟಪಟ ಬಡಿಯುತ್ತಿರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ದಪ್ಪನೆಯ ಪುಸ್ತಕವೊಂದನ್ನು ಕೊಳ್ಳಬೇಕಾಯಿತು. ಅವ್ವ ದುಡ್ಡು ಕೊಟ್ಟಳು, ಒಂದು ಮಾತೂ ಕೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಆ ಪುಸ್ತಕ ತೆರೆದು ಕೂತಿದ್ದೇನೆ, ಕೈಗಳು ಎಂದಿಗಿಂತ ಜೋರಾಗಿ ಬಡಿಯತೊಡಗಿದವು. ಪಕ್ಕದಲ್ಲಿ ನನ್ನ ಗೆಳತಿ ದ್ರಾಕ್ಷಾಯಣಿ. ಅವಳ ಅಪ್ಪ ಬಸ್ ಡ್ರೈವರ್, ಹಾಗಾಗಿ ಅವಳು ಸದಾ ಸ್ಟಿಯರಿಂಗ್ ತಿರುಗಿಸುತ್ತಿದ್ದಳು, ತಿರುವು ಬಂದಾಗ ನನ್ನ ಮೇಲೆ ವಾಲುತ್ತಿದ್ದಳು. "ಏನಾತೇ, ಇವತ್ತ ನಿಮ್ಮವ್ವ ಯಾರ್ ಜೋಡಿ ಜಗಳಾ ಮಾಡ್ಯಾಳ?" ಎಂದು ಪಿಸುಗುಟ್ಟಿದಳು. ಜಗಳವಲ್ಲ ಎಂದು ನನಗೆ ಗೊತ್ತಿತ್ತು. ಅವ್ವ ಪುಸ್ತಕದ ದುಡ್ಡನ್ನು ರೊಟ್ಟಿ ಬಡಿದು ತುಂಬಿಸುತ್ತಿದ್ದಳು. ಪ್ರತಿ ಬಡಿತವೂ ನನ್ನ ಅಂಗೈಗೇ ಬೀಳುತ್ತಿತ್ತು. ಆ ಸಂಜೆ ನಾನು ಕಾಲೇಜಿನ ಹಿಂದಿನ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಕೇಳಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ಅದು ನನ್ನ ಕ್ಲಾಸಿನ ಹೊತ್ತು. ಯಾರಿಗೂ ಹೇಳಲಿಲ್ಲ.

ಮೊದಲ ಸಂಬಳ ವಾರಕ್ಕೇ ಕೈಗೆ ಬಂತು. ಅದರಲ್ಲಿ ಒಂದು ಪ್ಲೇಟು ಗಿರ್ಮಿಟ್ಟು, ಒಂದು ಮೆಣಸಿನಕಾಯಿ ಬಜ್ಜಿ ಕೊಂಡು ತಿಂದೆ. ನನ್ನದೇ ದುಡಿಮೆಯ ಆ ತುತ್ತು ತಿನ್ನುತ್ತಿದ್ದ ಹಾಗೆ ಕೈಗಳು ತಣ್ಣಗಾದವು. ಅವ್ವ ಒಲೆಯ ಮುಂದೆ ಇರುವ ಹೊತ್ತೇ ಅದು, ಆದರೂ ಅವು ಸುಮ್ಮನಿದ್ದವು. ಯಾರದೋ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡವಳ ಹಾಗೆ ನಾನು ಅವನ್ನೇ ನೋಡುತ್ತ ಕೂತೆ. ಅಲುಗಿದರೆ ಎಲ್ಲಿ ಎದ್ದುಬಿಡುತ್ತವೋ ಎಂಬ ಅಂಜಿಕೆ.

ಮನೆಯಲ್ಲಿ ನಾಟಕ ಮಾಡಬೇಕಾಗಿ ಬಂತು. ಸಂಜೆ ಅವ್ವ ಬಡಿಯುವಾಗ ನಾನೂ ಗಲ್ಲಾದ ಹತ್ತಿರ ಕೂತು ಸುಮ್ಮಸುಮ್ಮನೆ ಮೇಜು ಬಡಿಯುತ್ತಿದ್ದೆ. ಎಷ್ಟು ವರ್ಷ ತಾನಾಗಿ ಆದದ್ದು, ಬೇಕೆಂದು ಮಾಡಹೋದರೆ ಒಂದೂ ಸರಿಬರಲಿಲ್ಲ. ಅಪ್ಪ ಓರೆಗಣ್ಣಿನಿಂದ ನೋಡುತ್ತಿದ್ದ. "ಯಾಕ ನೀಲವ್ವಾ, ತಾಳ ತಪ್ಪಾಕತ್ತೈತಲ್ಲ?" ಎಂದ. "ನಿದ್ದಿ ಆಗಿಲ್ಲಪ್ಪಾ" ಎಂದೆ. ಅಪ್ಪನ ಕೈಗಳು ಮಾತ್ರ ಸರಿಯಾದ ತಾಳದಲ್ಲಿ ಬಡಿಯುತ್ತಲೇ ಇದ್ದವು.

ಎಷ್ಟು ದಿನ ಮುಚ್ಚಿಡಲಾದೀತು? ಒಂದು ಮಧ್ಯಾಹ್ನ ಅಂಗಡಿಯಿಂದ ನೇರವಾಗಿ ಖಾನಾವಳಿಗೆ ಬಂದೆ. ಬಿಸಿಲಿಗೆ ಗಂಟಲು ಒಣಗಿತ್ತು. ಒಂದು ತಂಬಿಗೆ ನೀರನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದೆ. ಕುಡಿದು ತಂಬಿಗೆ ಇಳಿಸಿದರೆ ಖಾನಾವಳಿಯಲ್ಲಿ ಸದ್ದೇ ಇಲ್ಲ. ಒಳಗಿನಿಂದ ಮಾತ್ರ ಪಟಪಟ ಪಟಪಟ. ಊಟಕ್ಕೆ ಕೂತವರೆಲ್ಲ ತುತ್ತನ್ನು ಬಾಯಿಗೆ ಒಯ್ಯದೆ ನನ್ನ ಕೈ ನೋಡುತ್ತಿದ್ದರು. ಅಪ್ಪ ಗಲ್ಲಾಪೆಟ್ಟಿಗೆಯನ್ನು ಬಡಿಯುತ್ತಲೇ ಕಣ್ಣು ಮುಚ್ಚಿಕೊಂಡ.

"ಅಲಲಲ! ಹುಡುಗಿ ಕೈ ನಿಂತಾವ!" ಎಂದರು ರಾಚಪ್ಪ ಮಾಸ್ತರರು, ಶಾಲೆಯಲ್ಲಿ ಗಣಿತದ ಉತ್ತರ ಬಂದಾಗ ಹೇಳುವ ಹಾಗೆ. "ಬಾಳವ್ವಾ, ಬಾರವಾ ಹೊರಗ!"

ಪಟಪಟ ನಿಂತಿತು. ಅವ್ವ ಹೊರಗೆ ಬಂದಳು. ಮೊಣಕೈಯ ತನಕ ಹಿಟ್ಟು. ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. ಹಾಗೇ ಒಳಗೆ ಹೋದಳು. ಅಂದಿನ ರೊಟ್ಟಿಗಳು ಚಪ್ಪಲಿಯ ಹಾಗೆ ದಪ್ಪಗೆ ಬಂದವು. ಯಾರೂ ತಕರಾರು ಮಾಡದೆ ತಿಂದು ಎದ್ದುಹೋದರು.

ಗಿರಾಕಿಗಳೆಲ್ಲ ಹೋದ ಮೇಲೆ ನಾವು ಮೂವರೂ ಒಳಗೆ ಕೂತೆವು. ಅವ್ವ ನನ್ನ ತಾಟಿಗೆ ಮುಳಗಾಯಿ ಪಲ್ಯ ಹಾಕಿದಳು. ಆಮೇಲೆ ಕೇಳಿದಳು. "ನನ್ನ ರೊಟ್ಟಿ ಭಾರ ಆದ್ವೇನು ನಿನಗ?"

"ನಿನಗ ನಾ ಭಾರ ಆಗಬಾರದಂತ ಮಾಡಿದ್ನಿ ಅವ್ವಾ."

"ಭಾರ ಅಂತ ನಾ ಯಾವತ್ತರ ಅಂದೀನೇನು?"

"ನೀ ಅಂದಿಲ್ಲ. ಊರು ಅಂತೈತಿ."

"ಊರು ನನ್ನ ರೊಟ್ಟಿ ತಿಂದು ನನಗ ಬುದ್ಧಿ ಹೇಳತೈತಿ!" ಎಂದು ಅವ್ವ ಹುಳಿಯ ಸೌಟನ್ನು ಪಾತ್ರೆಗೆ ಬಡಿದಳು. ಆಮೇಲೆ ದನಿ ಇಳಿಸಿದಳು. "ಕೇಳಿಲ್ಲಿ. ಈಗೊಂದಿಷ್ಟು ದಿನದಿಂದ ರೊಟ್ಟಿ ಹರ್ಯಾಕತ್ತಾವ. ಅಂಚು ಸೀಳತಾವ. ಒಬ್ಬಾಕೆನ ಕುಂತು ಬಡದಂಗ ಆಗತೈತಿ. ಮೊದಲ ಹಂಗ ಇರಲಿಲ್ಲ. ಯಾಕಂತ ಇವತ್ತ ತಿಳೀತು."

"ಜ್ವಾಳ ಹಳೇದೈತಿ," ಎಂದ ಅಪ್ಪ. "ಹೋದ ವರ್ಷದ್ದು."

"ನೀವ್ ಸುಮ್ನಿರ್ರಿ. ನಿಮಗ ಜ್ವಾಳ ಗೊತ್ತೋ, ಮಗಳು ಗೊತ್ತೋ?"

ನಿಜ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜೋಳ ಹಳೆಯದಿದ್ದದ್ದೂ ನಿಜವೇ.

ಅವ್ವ ಮುಂದುವರಿಸಿದಳು. "ದುಡೀಬೇಕಂತ ಮನಸ್ಸಿದ್ರ ಕಾಲೇಜು ಬಿಡು, ರಾಜಾರೋಷ ಹೋಗಿ ದುಡಿ, ನಾ ಬ್ಯಾಡ ಅನ್ನಂಗಿಲ್ಲ. ಓದಬೇಕಂತಿದ್ರ ಓದು. ಆದ್ರ ಇತ್ತ ಕ್ಲಾಸಿಗೂ ಇಲ್ಲ, ಅತ್ತ ಡಾಕ್ಟರೂ ಅಲ್ಲ ಅಂದ್ರ ಹೆಂಗ? ಅರ್ಧ ಬೆಂದ ರೊಟ್ಟಿ ನಾಯಿನೂ ಮೂಸಂಗಿಲ್ಲ."

ನಾನು ಮರುದಿನವೇ ಝೆರಾಕ್ಸ್ ಅಂಗಡಿ ಬಿಟ್ಟೆ. ಕ್ಲಾಸಿನಲ್ಲಿ ಕೂತಾಗ ಹತ್ತೂವರೆಯ ಬಸ್ಸಿನ ಹೊತ್ತಿಗೆ ನನ್ನ ಬಲಗೈ ಎದ್ದಿತು, ಎಡಗೈ ತಿರುಗಿಸಲು ಶುರುಮಾಡಿತು. ದ್ರಾಕ್ಷಾಯಣಿ ಸ್ಟಿಯರಿಂಗ್ ಹಿಡಿದುಕೊಂಡೇ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಮನೆಗೆ ಬಂದೆನೇನೋ ಅನ್ನಿಸಿತು.

ಪರೀಕ್ಷೆ ಬಂತು. ಓದಿದ್ದೆ, ಅದರ ಅಂಜಿಕೆ ಇರಲಿಲ್ಲ. ಆದರೆ ಈ ಸಲ ಪ್ರಾಕ್ಟಿಕಲ್ ನೋಡಲು ಹೊರಗಿನಿಂದ ಬರುವ ಪರೀಕ್ಷಕಿ ದೊಡ್ಡ ಹೆಸರಿನವರು. ಅವರಿಗೆ ಮಂಗಳವಾರ ಒಂದೇ ದಿನ ಬಿಡುವು, ಹನ್ನೊಂದಕ್ಕೆ ಶುರು, ಬೇಕಿದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ವರ್ಷ. ನಮ್ಮ ದೊಡ್ಡ ಸರ್ ಫೋನಿನಲ್ಲಿ ನಮ್ಮ ಊರಿನ ಕೈಗಳ ವಿಚಾರವನ್ನು ಎಷ್ಟು ವಿವರಿಸಿದರೂ ಆಕೆ "ಕುಂಟುನೆಪ ಹೇಳಬೇಡಿ" ಎಂದುಬಿಟ್ಟರಂತೆ.

ಊರಿನವರು ಬೈದುಕೊಂಡರು, ಆಮೇಲೆ ಒಪ್ಪಿಕೊಂಡರು. ಕೊನೆಯ ವರ್ಷದಲ್ಲಿ ಓದುವ ಮಕ್ಕಳಿರುವ ಮನೆಯವರೆಲ್ಲ ಮಂಗಳವಾರ ಹನ್ನೊಂದರಿಂದ ಗಂಟೆ ಬಾರಿಸುವ ತನಕ ಕೈ ಕಟ್ಟಿ ಕೂರುವುದೆಂದು ಮಾತಾಯಿತು. ಕ್ಷೌರದಂಗಡಿಯ ಶಿವಪುತ್ರ ಬಾಗಿಲಿಗೆ ಹಲಗೆ ತೂಗುಹಾಕಿದ. ದ್ರಾಕ್ಷಾಯಣಿಯ ಅಪ್ಪ ಆ ಹೊತ್ತಿಗೆ ಬಸ್ಸು ಎಲ್ಲಿದ್ದರೆ ಅಲ್ಲಿಯೇ ಬೇವಿನ ಮರದ ನೆರಳಿಗೆ ನಿಲ್ಲಿಸುವುದಾಗಿ ಹೇಳಿದ, ಪ್ರಯಾಣಿಕರಿಗೆ ಹೊತ್ತು ಹೋಗಲೆಂದು ಒಂದು ಬುಟ್ಟಿ ಶೇಂಗಾ ಇಟ್ಟುಕೊಂಡ.

ತೊಡಕು ಬಂದದ್ದು ನಮ್ಮ ಮನೆಯಲ್ಲೇ. ಎಣ್ಣೆ ಗಿರಣಿಯವರ ಮನೆಯ ಮದುವೆಗೆ ಅವ್ವ ರೊಟ್ಟಿ ಒಪ್ಪಿಕೊಂಡಿದ್ದಳು. ಪರೀಕ್ಷೆಯ ದಿನ ಗೊತ್ತಾಗುವ ಮೊದಲೇ ಮಾತು ಕೊಟ್ಟಾಗಿತ್ತು. ಮದುವೆ ಅದೇ ಮಂಗಳವಾರ. ಖಡಕ್ ರೊಟ್ಟಿ ಆಗಿದ್ದರೆ ಹಿಂದಿನ ದಿನವೇ ಮಾಡಿಡಬಹುದಿತ್ತು, ಅವರಿಗೆ ಮಧ್ಯಾಹ್ನದ ಪಂಕ್ತಿಗೆ ಬಿಸಿರೊಟ್ಟಿಯೇ ಬೇಕು. ಕೊಟ್ಟ ಮಾತು ತಪ್ಪಿದವಳಲ್ಲ ಅವ್ವ. ಆ ವಾರವೆಲ್ಲ ಅವಳ ಮುಖದಲ್ಲಿ ನಗುವಿರಲಿಲ್ಲ. "ನನ್ನ ಕೈಯಾಗಿನ ರೊಟ್ಟಿ ಅಂತ ಹೇಳಿ ಒಪ್ಪಿಸ್ಯಾರ. ಬ್ಯಾರೆಯವರನ್ನ ಕೂಡಿಸಿದ್ರ ಮೊದಲ ತುತ್ತಿಗೇ ಗೊತ್ತಾಗತೈತಿ."

ಆಗ ಅಪ್ಪ ಗಂಟಲು ಸರಿಮಾಡಿಕೊಂಡ. "ನಾ ಬಡೀತೀನಿ."

ನಾವಿಬ್ಬರೂ ಅವನತ್ತ ತಿರುಗಿದೆವು.

"ನಗಬ್ಯಾಡ್ರಿ. ಮೂವತ್ತು ವರ್ಷ ಆತು, ಈ ಕೈ ದಿನಾ ನಿನ್ನ ರೊಟ್ಟಿ ಬಡದಾವ. ಹಿಟ್ಟು ಒಂದು ಇರಲಿಲ್ಲ, ಅಷ್ಟ."

ಅವ್ವ ಬಹಳ ಹೊತ್ತು ಅವನ ಕೈಗಳನ್ನು ನೋಡಿದಳು. "ಹಿಟ್ಟಿಗೆ ಬಿಸಿನೀರು ನಾನ ಹಾಕ್ತೀನಿ," ಎಂದಳು ಕೊನೆಗೆ.

ಇನ್ನು ನನಗೆ ಬೇಕಾದದ್ದು ಒಬ್ಬ ರೋಗಿ. ನಮ್ಮ ರೋಗಿಯನ್ನು ನಾವೇ ಕರೆದುಕೊಂಡು ಬರಬೇಕು. ಯಾವ ಹೊತ್ತಿನಲ್ಲಿ ಕೈ ಏನು ಮಾಡೀತೋ ಗೊತ್ತಿಲ್ಲದ ಹುಡುಗಿಯ ಮುಂದೆ ಬಾಯಿ ತೆರೆದು ಮಲಗಲು ಯಾರು ಬರುತ್ತಾರೆ? ಇಡೀ ಓಣಿ ಸುತ್ತಿದೆ. ಎಲ್ಲರ ಹಲ್ಲೂ ಒಮ್ಮಿಂದೊಮ್ಮೆಲೇ ಗಟ್ಟಿಯಾಗಿದ್ದವು. ಕೊನೆಗೆ ಒಪ್ಪಿದವರು ರಾಚಪ್ಪ ಮಾಸ್ತರರು. ದವಡೆಹಲ್ಲು ತೂತು ಬಿದ್ದು ಎರಡು ತಿಂಗಳಾಗಿತ್ತಂತೆ. ಮಾನಕ್ಕೆ ಅಂಜಿ ಯಾರಿಗೂ ಹೇಳದೆ ಒಂದೇ ಕಡೆ ಅಗಿಯುತ್ತಿದ್ದರಂತೆ. "ನಿನ್ನ ಓದು ನನ್ನ ಬಾಯಿಂದನ ಮುಗೀಲಿ ತಗೋ," ಎಂದರು.

ಮಂಗಳವಾರ ಹನ್ನೊಂದಕ್ಕೆ ಕಾಲೇಜಿನ ಗಂಟೆ ಬಾರಿಸಿತು. ಕೋಣೆಯಲ್ಲಿ ಸಾಲಾಗಿ ಕುರ್ಚಿಗಳು, ಕುರ್ಚಿಗೊಬ್ಬ ರೋಗಿ. ನಮ್ಮೆಲ್ಲರ ಕೈಗಳು ಒಟ್ಟಿಗೇ ಶಾಂತವಾದವು. ಕಿಟಕಿಯ ಹೊರಗೆ ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗಿಣಿಗಳು ಜಗಳಾಡುವುದು ಕೇಳುತ್ತಿತ್ತು. ಪರೀಕ್ಷಕಿ ಬೂದು ಸೀರೆಯ, ಎತ್ತರದ ಹೆಂಗಸು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು.

ನಾನು ಮಾಸ್ತರರ ಹಲ್ಲು ಮರಗಟ್ಟಿಸಿ ಕೆಲಸ ಶುರುಮಾಡಿದೆ. ಕೈ ನನ್ನದೇ ಆಗಿ ಎಷ್ಟು ಚೆಂದ ನಡೆಯಿತು! ಕೊಳೆತ ಭಾಗವನ್ನೆಲ್ಲ ಕೊರೆದು ತೆಗೆದೆ. ಡ್ರಿಲ್ ಪಕ್ಕಕ್ಕಿಟ್ಟು ಪುಟ್ಟ ಕನ್ನಡಿ ಹಿಡಿದು ನೋಡಿದೆ. ತೂತು ಸ್ವಚ್ಛವಾಗಿತ್ತು. ಇನ್ನು ತುಂಬುವುದಷ್ಟೇ ಬಾಕಿ. ಪರೀಕ್ಷಕಿ ಅದೇ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು ನಿಂತರು.

ಕನ್ನಡಿ ಟ್ರೇಗೆ ಬಿತ್ತು. ನನ್ನ ಎಡಗೈ ಮಾಸ್ತರರ ಗದ್ದವನ್ನು ಹಿಡಿಯಿತು. ಬಲಗೈ ಮೇಲೆದ್ದು ಅವರ ಕೆನ್ನೆಯ ಮೇಲೆ ಪಟ್ ಎಂದಿತು. ಪಟ್, ಪಟ್, ಪಟ್. ಎಡಗೈ ಗದ್ದವನ್ನು ಅಷ್ಟು ತಿರುಗಿಸಿತು. ಮತ್ತೆ ಪಟ್, ಪಟ್. ಅವ್ವ ಮಾತು ತಪ್ಪಿದಳೇ ಎಂದುಕೊಂಡೆ. ಆದರೆ ಈ ಬಡಿತ ಅವ್ವನದಲ್ಲ. ಇದು ನಿಧಾನ, ಪ್ರತಿ ಸುತ್ತಿನ ಕೊನೆಗೆ ಒಂದು ಚೂರು ತಡೆದು, ಯೋಚಿಸಿ, ಮತ್ತೆ ಬಡಿಯುವ ಕೈ. ಚಿಲ್ಲರೆ ಎಣಿಸುವವನ ಕೈ. ಆಗ ಹೊಳೆಯಿತು. ಈ ಹೊತ್ತು ನಮ್ಮ ಮನೆಗೆ ದುಡಿಯುತ್ತಿರುವವನು ಅಪ್ಪ. ಹೀಗಾಗಬಹುದೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಏನಿದು?" ಎಂದರು ಪರೀಕ್ಷಕಿ.

ಮಾಸ್ತರರ ತಲೆ ನನ್ನ ಕೈಯಲ್ಲಿ ರೊಟ್ಟಿಯಂತೆ ತಿರುಗುತ್ತಿತ್ತು. ಅವರು ಬಾಯೊಳಗಿನ ಹತ್ತಿಯನ್ನು ತಾವೇ ಬೆರಳಿನಿಂದ ಸರಿಸಿ, ಅರ್ಧ ಮರಗಟ್ಟಿದ ನಾಲಿಗೆಯಲ್ಲಿ, ಶಾಲೆಯ ಇನ್ಸ್‌ಪೆಕ್ಟರರ ಮುಂದೆ ಮಾತಾಡುವ ಗತ್ತಿನಿಂದ ಹೇಳಿದರು:

"ಮೇಡಂ, ನನಗ ಅಂಜಿಕಿ ಭಾಳ. ಎದಿ ಹೊಡಕೋತೈತಿ. ಹಿಂಗ ಕೆನ್ನಿ ತಟ್ಟಿದ್ರನ ನಾ ಸಮಾಧಾನ ಆಗೋದು. ಸಣ್ಣಾಂವ ಇದ್ದಾಗ ನಮ್ಮವ್ವ ಹಿಂಗ ತಟ್ಟತಿದ್ಲು. ಈ ಹುಡುಗಿ ಹೇಳದನ ತಿಳಕೊಂಡಾಳ ನೋಡ್ರಿ." ಹೇಳಿ ಕಣ್ಣು ಮುಚ್ಚಿ ಇನ್ನೊಂದು ಕೆನ್ನೆಯನ್ನೂ ಒಡ್ಡಿದರು.

ಪಕ್ಕದ ಕುರ್ಚಿಯ ಬಳಿಯಿಂದ ದ್ರಾಕ್ಷಾಯಣಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಪರೀಕ್ಷಕಿ ಒಂದು ಗಳಿಗೆ ಮಾಸ್ತರರ ಮುಖ ನೋಡಿದರು, ಒಂದು ಗಳಿಗೆ ನನ್ನ ಕೈ ನೋಡಿದರು. "ಸಮಾಧಾನ ಆಯಿತೇ?" ಎಂದು ಮಾಸ್ತರರನ್ನೇ ಕೇಳಿದರು.

"ಇನ್ನೊಂದೆರಡು, ಮೇಡಂ."

ಇನ್ನೊಂದೆರಡು ಪಟ್ ಪಟ್ ಆದವು. ಮೂರನೆಯದಕ್ಕೆ ಎತ್ತಿದ ಕೈ ಮೇಲೆಯೇ ನಿಂತುಬಿಟ್ಟಿತು. ಹೊತ್ತುಕೊಂಡ ಚೀಲವನ್ನು ಯಾರೋ ಹಿಂದಿನಿಂದ ಎತ್ತಿಕೊಂಡಂತೆ ಭುಜ ಹಗುರಾಯಿತು. ನಾನು ಕೈ ತೊಳೆದು, ಹೊಸ ಕೈಗವಸು ಹಾಕಿ, ಹಲ್ಲು ತುಂಬಿ ಮುಗಿಸಿದೆ. ಮಾಸ್ತರರು ಕಚ್ಚಿ ನೋಡಿ ತಲೆಯಾಡಿಸಿದರು. ಪರೀಕ್ಷಕಿ ಏನನ್ನೋ ಬರೆದುಕೊಂಡು ಮುಂದಿನ ಕುರ್ಚಿಗೆ ಹೋದರು.

ಅತ್ತ ಖಾನಾವಳಿಯಲ್ಲಿ ಆದದ್ದನ್ನು ಆಮೇಲೆ ಅಪ್ಪ ಎಷ್ಟು ಜನಕ್ಕೆ ಹೇಳಿದನೆಂದರೆ ನಾನೂ ಅಲ್ಲಿಯೇ ಇದ್ದೆನೇನೋ ಅನ್ನಿಸುತ್ತದೆ. ಅಪ್ಪ ಧೋತರ ಎತ್ತಿಕಟ್ಟಿ ಒಲೆಯ ಮುಂದೆ ಕೂತ. ಅವ್ವ ಜೋಳದ ಚೀಲದ ಮೇಲೆ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಅವಚಿಕೊಂಡಳು. ಅಪ್ಪ ಮೊದಲನೆಯ ರೊಟ್ಟಿ ಬಡಿದ. ಎಲೆಯಂತೆ ತೆಳ್ಳಗೆ, ಹುಣ್ಣಿಮೆಯ ಚಂದ್ರನಂತೆ ದುಂಡಗೆ. ಅವ್ವ "ಅಯ್ಯ ನನ್ನ ಶಿವನ!" ಎಂದಳು. ಎರಡನೆಯದಕ್ಕೆ ಅವಳ ಕೈಗಳು ಕಂಕುಳಿನಿಂದ ಜಾರಿ ತೊಡೆಯ ಮೇಲೆ ಪಟಪಟ ಬಡಿಯತೊಡಗಿದವು. ಅವ್ವ ಮೊದಲು ಹೆದರಿದಳು. "ಏನ್ರೀ ಇದು, ನನ್ನ ಕೈ!" ಎಂದು ಕೂಗಿದಳು. ಆಮೇಲೆ ಅವಳಿಗೆ ನಗು ಬಂತು. ತಡೆಯಲಾರದೆ ನಕ್ಕಳು. ನಗುವಿನಲ್ಲಿ ನಾಲ್ಕೈದು ರೊಟ್ಟಿ ಆಗಿಹೋದವು. ಇದ್ದಕ್ಕಿದ್ದಂತೆ ನಗು ನಿಂತಿತು. "ನಿಲ್ಲಸ್ರೀ! ನೀಲವ್ವನ ಕೈ! ಕೂಸಿನ ಕೈಯೂ ಆಡತಿರತಾವ!"

ಅಪ್ಪ ಹಿಟ್ಟನ್ನು ಹಾಗೇ ಬಿಟ್ಟು ಹಿಂದಕ್ಕೆ ಹಾರಿದ. ಇಬ್ಬರೂ ಪರೀಕ್ಷೆ ಮುಗಿದ ಗಂಟೆ ಬಾರಿಸುವ ತನಕ ಎದುರುಬದುರು ಕೈ ಕಟ್ಟಿ ಕೂತರು. ಮದುವೆ ಮನೆಗೆ, ರೊಟ್ಟಿ ತಡವಾಗುತ್ತದೆ ಎಂದು ಹೇಳಿಕಳಿಸಿದರು. ಎಣ್ಣೆ ಗಿರಣಿಯವರು ತಲೆ ಕೆರೆದುಕೊಂಡು ಮೊದಲು ಹುಗ್ಗಿ ಬಡಿಸಿದರು, ಆಮೇಲೆ ಅನ್ನ ಸಾರು, ಎಲ್ಲ ಮುಗಿಯುವ ಹೊತ್ತಿಗೆ ಅವ್ವನ ಬಿಸಿರೊಟ್ಟಿ ಬುಟ್ಟಿ ಬುಟ್ಟಿ ಬಂದವು. ಬೀಗರು ಮೊದಲು ಮೂಗು ಮುರಿದರು, ಆಮೇಲೆ ಎಣ್ಣೆಗಾಯಿ ಪಲ್ಯದ ಜೊತೆ ಮತ್ತೊಮ್ಮೆ ಊಟಕ್ಕೆ ಕೂತರು. ಅಂದಿನಿಂದ ನಮ್ಮ ಊರಿನ ಮದುವೆಗಳಲ್ಲಿ ರೊಟ್ಟಿಯನ್ನು ಕೊನೆಗೆ ಬಡಿಸುವುದೇ ಪದ್ಧತಿಯಾಗಿದೆ, ಕೇಳಿದರೆ ಹಿರಿಯರ ಕಾಲದಿಂದ ನಡೆದುಬಂದದ್ದು ಎನ್ನುತ್ತಾರೆ.

ಸಂಜೆ ಐದಕ್ಕೆ ಕಾಲೇಜಿನ ಗೋಡೆಗೆ ಪಟ್ಟಿ ಅಂಟಿಸಿದರು. ನಾನು ಪಾಸಾಗಿದ್ದೆ. ದೊಡ್ಡ ಸರ್ ನನ್ನನ್ನು ಒಳಗೆ ಕರೆದು, ರೋಗಿಯ ಅಂಜಿಕೆ ಕಳೆಯುವ ಕ್ರಮಕ್ಕೆ ಪರೀಕ್ಷಕಿ ವಿಶೇಷವಾಗಿ ಅಂಕ ಕೊಟ್ಟಿರುವುದಾಗಿಯೂ, ಮಕ್ಕಳ ಹಲ್ಲಿನ ವಿಷಯದಲ್ಲಿ ಈ ಹುಡುಗಿ ಮುಂದೆ ಓದಿದರೆ ಚೆನ್ನ ಎಂದು ಹೇಳಿಹೋಗಿರುವುದಾಗಿಯೂ ಹೇಳಿದರು. ಮುಂದೆ ಓದುವುದೆಂದರೆ ಇನ್ನೂ ಮೂರು ವರ್ಷ. ನನಗೆ ಅದರ ಆಸೆ ಮೊದಲಿನಿಂದಲೂ ಇತ್ತು. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಯೋಚಿಸುತ್ತ ಮನೆಗೆ ಬಂದೆ. ಪಾಸಾದೆ ಎಂದು ಹೇಳುವುದು ಸುಲಭ, ಇನ್ನೂ ಓದುತ್ತೇನೆ ಎಂದು ಹೇಳುವುದು ಕಷ್ಟ.

ಖಾನಾವಳಿಯ ಮುಂದಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹಿತ್ತಿಲಿನಿಂದ ಒಳಗೆ ಹೋದೆ. ಅಡುಗೆಮನೆಯಲ್ಲಿ ಅಪ್ಪ ಒಲೆಯ ಮುಂದೆ ಕೂತಿದ್ದ, ಹುಬ್ಬಿಗೆಲ್ಲ ಹಿಟ್ಟು ಹತ್ತಿತ್ತು. ಸಂಜೆಯ ಗಿರಾಕಿಗಳ ರೊಟ್ಟಿಯನ್ನು ಅವನೇ ಬಡಿಯುತ್ತಿದ್ದ. ಅವ್ವ ಜೋಳದ ಚೀಲದ ಮೇಲೆ ಕಾಲು ಚಾಚಿ ಗೋಡೆಗೊರಗಿದ್ದಳು. ಅವಳು ಹಾಗೆ ಕಾಲು ಚಾಚಿ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳ ಎರಡೂ ಕೈ ತೊಡೆಯ ಮೇಲೆ ಕುಣಿಯುತ್ತಿದ್ದವು. ನನ್ನ ಕೈಗಳೂ ದಾರಿಯಲ್ಲೇ ಶುರುವಾಗಿದ್ದವು.

"ಪಾಸಾದ್ನಿ ಅವ್ವಾ."

"ಮಾಸ್ತರು ಆಗಲೇ ಬಂದು ಎಲ್ಲಾ ಹೇಳಿ, ಎರಡೂ ಕಡೆ ಅಗದು ಊಟಾ ಮಾಡಿ ಹೋದ್ರು. ಬಾ, ಇಲ್ಲಿ ಕುಂದ್ರು ನನ್ನ ಮಗ್ಗಲಿಗೆ," ಎಂದು ಅವ್ವ ಚೀಲದ ಮೇಲೆ ಜಾಗ ಬಿಟ್ಟಳು. ಕೂತೆ. ಅವಳ ಕೈ, ನನ್ನ ಕೈ, ಒಂದೇ ತಾಳದಲ್ಲಿ ಬಡಿಯುತ್ತಿದ್ದವು. ಬೆಳಗಿಗಿಂತ ಅಪ್ಪನ ಕೈ ಸುಧಾರಿಸಿತ್ತು.

"ಏಳು ವರ್ಷದಾಕಿ ಇದ್ದಾಗ ನನ್ನ ಒಲಿ ಮುಂದ ಕೂಡಿಸಿದ್ರು," ಎಂದಳು ಅವ್ವ, ತನ್ನ ಕೈಗಳನ್ನು ನೋಡುತ್ತ. "ಅಂದಿಂದ ಈ ಕೈ ಒಬ್ಬರ ಹಿಂದನೂ ಹೋಗಿದ್ದಿಲ್ಲ. ನಿಮಗ ತ್ರಾಸ ಆಗತೈತಿ, ಪಾಪ, ನನ್ನಿಂದ ನಿಮ್ಮ ಕೈಗೆ ಬಿಡುವಿಲ್ಲ ಅಂತ ಒಲಿ ಮುಂದ ಎಷ್ಟ ಸಲ ಅತ್ತೀನಿ ಗೊತ್ತೈತೇನು? ಇದು ಹಿಂಗಿರತೈತಿ ಅಂತ ನೀವಿಬ್ಬರೂ ಒಂದಿನಾನೂ ಹೇಳಲಿಲ್ಲಲ್ಲೇ, ಕಳ್ಳರಾ!"

"ಹೆಂಗಿರತೈತಿ ಅವ್ವಾ?"

ಅವ್ವ ಯೋಚಿಸಿದಳು. ಕೈಗಳು ಬಡಿಯುತ್ತಲೇ ಇದ್ದವು. "ಯಾರೋ ಕೈ ಹಿಡಕೊಂಡು ಕರಕೊಂಡು ಹೋದಂಗ," ಎಂದಳು.

ಅಪ್ಪ ತಿರುಗಿ ನೋಡಲಿಲ್ಲ. ಆದರೆ ಅವನ ಬಡಿತ ಒಂದು ಕ್ಷಣ ತಾಳ ತಪ್ಪಿದ್ದು ನಮ್ಮಿಬ್ಬರ ಕೈಗೂ ಗೊತ್ತಾಯಿತು.

ನಾನು ಆಗಲೇ ಕೇಳಿಬಿಟ್ಟೆ. "ಅವ್ವಾ, ಇನ್ನೂ ಮೂರು ವರ್ಷ ಓದಬೇಕಂತೀನಿ."

ಅವ್ವ ಉತ್ತರ ಕೊಡುವ ಮೊದಲೇ ಅಪ್ಪ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಹಣೆ ಒರೆಸಿಕೊಂಡು, "ಸಾಕಲ್ಲ ಇವತ್ತಿಗೆ? ನನ್ನ ಸೊಂಟ ಹೋತು," ಎಂದು ಏಳಲು ನೋಡಿದ.

"ಎಲ್ಲಿಗೆ ಏಳ್ತೀರಿ?" ಎಂದಳು ಅವ್ವ, ಕುಣಿದು ಆಗತಾನೇ ನಿಂತ ಕೈಗಳನ್ನು ತೊಡೆಯ ಮೇಲಿಂದ ಎತ್ತದೆಯೇ. "ಕುಂದ್ರಿ. ಹುಡುಗಿ ಇನ್ನೂ ಮೂರು ವರ್ಷ ಓದ್ತಾಳಂತ. ಬಡೀರಿ."